ಮೇಲ್ಮಹಡಿಯಲ್ಲಿ ಒಂಬತ್ತು ಮಾಲೆ

ಮಂಗಳೂರು ಕುಲಶೇಖರದ ಆ ಓಣಿಯಲ್ಲಿ ಹೇಮಾಕ್ಷಿಗೆ ಹೆದರದವರು ಇಬ್ಬರೇ: ಗಂಡ ಜಯ, ಮತ್ತು ಎದುರು ಮನೆಯ ಇಸಿದೋರರ ನಾಯಿ. ನಾಯಿಗೆ ಕಿವಿ ಕೇಳುವುದಿಲ್ಲ. ಜಯನಿಗೆ ಕೇಳುತ್ತದೆ, ಆದರೆ ಇಪ್ಪತ್ತೊಂದು ವರ್ಷ ಬಹರೈನಿನಲ್ಲಿ ಏಸಿ ಯಂತ್ರಗಳ ಗದ್ದಲದ ನಡುವೆ ದುಡಿದು ಬಂದವನಿಗೆ ಯಾವುದನ್ನು ಕೇಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಚೆನ್ನಾಗಿ ಅಭ್ಯಾಸವಾಗಿದೆ. ಉಳಿದವರೆಲ್ಲ, ಗ್ಯಾಸ್ ಸಿಲಿಂಡರಿನವನಿಂದ ಹಿಡಿದು ಮದುವೆ ದಲ್ಲಾಳಿಯವರೆಗೆ, ಅವಳ ಗೇಟು ತೆರೆಯುವ ಮೊದಲು ಒಮ್ಮೆ ಗಂಟಲು ಸರಿಮಾಡಿಕೊಳ್ಳುವವರೇ.

ಗಂಡ ಪರದೇಶದಲ್ಲಿದ್ದ ಅಷ್ಟೂ ವರ್ಷ ಮನೆಯ ಯಜಮಾನನೂ ಯಜಮಾನಿಯೂ ಅವಳೇ ಆಗಿದ್ದಳು. ಅತ್ತೆ ಮಾವಂದಿರ ಕೊನೆಗಾಲ ನೋಡಿಕೊಂಡಳು, ಮಗಳು ಅಕ್ಷಿತಾಳನ್ನು ಓದಿಸಿದಳು, ಮೇಸ್ತ್ರಿಯ ಬೆನ್ನಿಗೇ ನಿಂತು ಮೇಲ್ಮಹಡಿ ಕಟ್ಟಿಸಿದಳು, ನಲವತ್ತು ದಾಟಿದ ಮೇಲೆ ಸ್ಕೂಟರ್ ಕಲಿತಳು. ತವರು ಕೂಳೂರು. ಹೊಳೆಬದಿಯ ಅವರ ಗದ್ದೆಗಳೆಲ್ಲ ಈಗ ಗೋದಾಮುಗಳ ಅಡಿಗೆ ಹೋಗಿವೆ. ಬೇಸಾಯ ಮಾತ್ರ ಅವಳ ಕೈಬಿಟ್ಟು ಹೋಗಿಲ್ಲ. ಪ್ರತಿ ಡಿಸೆಂಬರಿನಲ್ಲಿ ಅವಳು ಬಿತ್ತನೆಯ ಭತ್ತ ನೆನೆಹಾಕಿ, ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸಿ, ಹಳೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಬಿತ್ತುತ್ತಾಳೆ. ಇಪ್ಪತ್ತನಾಲ್ಕರ ಹೊತ್ತಿಗೆ ಗೇಣುದ್ದದ ನೇಜಿ, ಅಂದರೆ ಭತ್ತದ ಸಸಿ, ತಯಾರು. ಓಣಿಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕಟ್ಟುವ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಹುಲ್ಲುಗಾವಲಾಗುವುದು ಈ ನೇಜಿಯೇ. "ನಿಮ್ಮ ದೇವರ ಮಗು ನಮ್ಮ ಕೂಳೂರಿನ ಗದ್ದೆಯಲ್ಲೇ ಮಲಗುವುದು, ನೆನಪಿರ್ಲಿ" ಎಂದು ಅವಳು ಇಸಿದೋರರಿಗೆ ವರ್ಷಕ್ಕೊಮ್ಮೆ ಜ್ಞಾಪಿಸುತ್ತಾಳೆ.

ಇಂಥ ಹೇಮಾಕ್ಷಿ ಒಂದೇ ಒಂದಕ್ಕೆ ಹೆದರುತ್ತಿದ್ದಳು: ಪರದೇಶಕ್ಕೆ ಹೋಗುವುದಕ್ಕೆ. ಅಕ್ಷಿತಾ ಗಂಡ ಮುಖೇಶನ ಜೊತೆ ಮಸ್ಕತ್ತಿನಲ್ಲಿದ್ದಾಳೆ. ಮಾರ್ಚಿನಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ವಿಮಾನ ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದರಿಂದ ಊರಿಗೆ ಬರುವಂತಿಲ್ಲ. "ಅಮ್ಮ, ನೀನೇ ಬಾ. ಮೂರೇ ತಿಂಗಳು. ಹೊಸ ವರ್ಷದ ಒಳಗೆ ಹೇಳಿದ್ರೆ ವೀಸಾದ ಕೆಲಸ ಸುರು ಮಾಡ್ತೇವೆ" ಎಂದು ದೀಪಾವಳಿಯಿಂದ ದಿನಾ ಫೋನು. ಹೇಮಾಕ್ಷಿಯ ಉತ್ತರ ದಿನಕ್ಕೊಂದು. ಮೊಣಕಾಲು ನೋವು ಎಂದಳು. ಬಾವಿಯ ಪಂಪು ಸರಿಯಿಲ್ಲ ಎಂದಳು. ಅಪ್ಪನಿಗೆ ಗಂಜಿ ಬೇಯಿಸಲಿಕ್ಕೂ ಬರುವುದಿಲ್ಲ ಎಂದಳು. ಇಪ್ಪತ್ತೊಂದು ವರ್ಷ ಅವನು ಪರದೇಶದಲ್ಲಿ ಯಾರ ಕೈಯಡುಗೆ ಉಂಡ ಎಂದು ಮಗಳು ಕೇಳಲಿಲ್ಲ, ಪುಣ್ಯ. ಕೊನೆಗೊಂದು ದಿನ ಅಕ್ಷಿತಾ, "ಆಯ್ತಮ್ಮ. ಇಲ್ಲಿ ಬಾಣಂತನ ಮಾಡುವ ಒಬ್ರು ಹೆಂಗಸು ಇದ್ದಾರೆ, ಕೇಳ್ತೇನೆ" ಎಂದಳು. ಆ ದಿನ ಹೇಮಾಕ್ಷಿಗೆ ಊಟ ಸೇರಲಿಲ್ಲ.

ಅವಳು ಹಿಂದೊಮ್ಮೆ ಹೋಗಿದ್ದವಳೇ. ಹತ್ತೊಂಬತ್ತು ವರ್ಷದ ಹಿಂದೆ ಮಗಳನ್ನು ತವರಿನಲ್ಲಿ ಬಿಟ್ಟು, ಮೂರು ತಿಂಗಳ ವೀಸಾದಲ್ಲಿ ಗಂಡನಿದ್ದ ಬಹರೈನಿಗೆ ಹೋಗಿ, ಇಪ್ಪತ್ತೆರಡನೇ ದಿನಕ್ಕೆ ವಾಪಸು ಬಂದಿದ್ದಳು. ಅತ್ತೆಗೆ ಹುಷಾರಿಲ್ಲ ಎಂದು ಓಣಿಯಲ್ಲಿ ಹೇಳಿದ್ದಾಯಿತು. ಅತ್ತೆ ಆಗ ಗಟ್ಟಿಮುಟ್ಟಾಗಿದ್ದು ದಿನಾ ದೋಸೆಗೆ ಕಡೆಯುತ್ತಿದ್ದರು. ಅಲ್ಲಿ ನಿಜವಾಗಿ ನಡೆದದ್ದು ಗೊತ್ತಿದ್ದವನು ಜಯ ಒಬ್ಬನೇ, ಅವನು ಆ ಬಗ್ಗೆ ಎಂದೂ ಬಾಯಿ ಬಿಟ್ಟವನಲ್ಲ.

ಮೇಲ್ಮಹಡಿಗೆ ಹೊಸ ಬಾಡಿಗೆದಾರರು ಬಂದದ್ದು ನವೆಂಬರಿನ ಎರಡನೇ ವಾರ. ಕರೆತಂದವರು ಇಸಿದೋರರು. ಬಂದವರು ಗಂಡ ಹೆಂಡತಿ, ಇಬ್ಬರಿಗೂ ಎಪ್ಪತ್ತರ ಆಸುಪಾಸು, ಇಬ್ಬರೂ ಬಿಸಿಲಿಗೆ ಕೆಂಪಾದ ಬಿಳಿಯರು, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಆತ ಗ್ರೇಮ್, ಆಕೆ ಲೋರ್ನಾ. ನ್ಯೂಜಿಲೆಂಡಿನಲ್ಲಿ ಕುರಿ ಸಾಕುತ್ತಿದ್ದವರಂತೆ.

"ಮಿಷನರಿಗಳು," ಎಂದರು ಇಸಿದೋರರು.

ಜಯನಿಗೆ ಮಿಷನರಿ ಎಂದರೆ ಹಿಂದೆ ಇಲ್ಲಿ ಹಂಚಿನ ಕಾರ್ಖಾನೆ ತೆರೆದ ಕಾಲದ ಉದ್ದ ಗಡ್ಡದವರು. "ಈಗ್ಲೂ ಉಂಟಾ ಮಾರಾಯ್ರೆ ಅದು?" ಎಂದ.

ಇಸಿದೋರರು ವಿವರಿಸಿದರು: ಇವರ ಕ್ರೈಸ್ತ ಸಭೆಯಲ್ಲಿ ವಯಸ್ಸಾದವರು ಹೀಗೆ ಹೊರಡುವುದು ವಾಡಿಕೆ. ನಿವೃತ್ತಿಯಾದ ಮೇಲೆ ಒಂದೂವರೆ ವರ್ಷ ಸಭೆ ಕಳಿಸಿದ ಊರಿಗೆ ಹೋಗಿ ಕೈಲಾದ ಸೇವೆ ಮಾಡುವುದು. ಪಡೀಲಿನಲ್ಲಿ ಅವರದೊಂದು ಪುಟ್ಟ ಕೇಂದ್ರವಿದೆ. ಆತ ಅಲ್ಲಿ ಮುರಿದ ಗಾಲಿಕುರ್ಚಿ ರಿಪೇರಿ ಮಾಡುತ್ತಾರೆ, ಆಕೆ ಪಾರ್ಶ್ವವಾಯು ಬಡಿದವರಿಗೆ ಕೈಕಾಲಿನ ವ್ಯಾಯಾಮ ಮಾಡಿಸುತ್ತಾರೆ. ಆ ಒಂದೂವರೆ ವರ್ಷ ಊರಿಗೆ ಹೋಗುವಂತಿಲ್ಲ.

"ಮಕ್ಕಳು ಮೊಮ್ಮಕ್ಕಳನ್ನು ಬಿಟ್ಟಾ? ಈ ವಯಸ್ಸಿನಲ್ಲಿ?" ಹೇಮಾಕ್ಷಿ ಮೂಗಿನ ಮೇಲೆ ಬೆರಳಿಟ್ಟಳು. ಮೂರು ತಿಂಗಳಿಗೆ ಮೊಣಕಾಲು ನೋವಿನ ನೆಪ ಹೇಳಿದ್ದವಳು ಅವಳೇ ತಾನೆ, ಅದಕ್ಕೇ ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ಮೊದಲ ದಿನವೇ ಅವಳು ಬಂದವರಿಗೆ ಚಾ ಕೊಟ್ಟಳು. ಅವರು ಕೈಮುಗಿದು ಬೇಡ ಎಂದರು. ಕಾಫಿ? ಅದೂ ಬೇಡ. ಅವರ ಸಭೆಯಲ್ಲಿ ಎರಡೂ ನಿಷಿದ್ಧ. ಚಾ ಕುಡಿಯದವರ ಹತ್ತಿರ ಮಾತು ಸುರು ಮಾಡುವುದಾದರೂ ಹೇಗೆ? ಹೇಮಾಕ್ಷಿ ಪುನರ್ಪುಳಿ ಷರಬತ್ತು ಮಾಡಿ ಕೊಟ್ಟಳು, ಗ್ರೇಮ್ ಮೂರು ಲೋಟ ಕುಡಿದರು, ಆಮೇಲೆ ಎಲ್ಲವೂ ಸುಸೂತ್ರವಾಯಿತು. ಹೇಮಾಕ್ಷಿಯ ಇಂಗ್ಲಿಷು ಎಂಟನೇ ಕ್ಲಾಸಿನದ್ದು, ಲೋರ್ನಾಳ ಕನ್ನಡ ಎಂಟು ದಿನದ್ದು. ಉಳಿದದ್ದನ್ನು ಕೈ, ಕಣ್ಣು, ತಲೆ ಹೇಳುತ್ತಿದ್ದವು. ಒಂದು ವಾರದಲ್ಲಿ ಆಕೆ ಇವಳಿಗೆ ಲೋರ್ನಕ್ಕ ಆದಳು.

ಬೆಳಿಗ್ಗೆ ಲೋರ್ನಕ್ಕ ಕೆಳಗಿಳಿದು ಬರುವ ಹೊತ್ತಿಗೆ ಹೇಮಾಕ್ಷಿ ಹಾಲಿನಲ್ಲಿ ಅತ್ತೆ ಮಾವನ ಫೋಟೊಗೆ ಹೊಸ ಸೇವಂತಿಗೆ ಮಾಲೆ ಹಾಕಿ ದೀಪ ಹಚ್ಚುತ್ತಿದ್ದಳು. ಲೋರ್ನಕ್ಕ ಚಪ್ಪಲಿ ಕಳಚಿ, ಮೌನವಾಗಿ ನಿಂತು ನೋಡುತ್ತಿದ್ದಳು. "ನಿಮ್ಮ ಮನೆಯವರಾ?" ಎಂದು ಒಮ್ಮೆ ಕೇಳಿದಳು. ಹೇಮಾಕ್ಷಿ ಎದೆಯ ಮೇಲೆ ಕೈಯಿಟ್ಟು ಹೌದೆಂದಳು. ಬಲು ಚಂದ ಎಂದಳು ಲೋರ್ನಕ್ಕ. ಇನ್ನೊಮ್ಮೆ ಹೇಮಾಕ್ಷಿ, "ಚಿಲ್ಡ್ರನ್?" ಎಂದು ಕೇಳಿದಾಗ ಲೋರ್ನಕ್ಕನ ಕಣ್ಣು ತುಂಬಿ ಬಂತು. ಮಾತಾಡಲಾಗದೆ ಕಿಟಕಿಯಾಚೆ, ದೂರದ ಆಕಾಶದ ಕಡೆ ಕೈ ಮಾಡಿದಳು. ಹೇಮಾಕ್ಷಿ ಮುಂದೆ ಕೇಳಲಿಲ್ಲ.

ಡಿಸೆಂಬರ್ ಇಪ್ಪತ್ತೆರಡಕ್ಕೆ ನೇಜಿ ಚೆನ್ನಾಗಿ ಬಂದಿತ್ತು. ಕ್ರಿಸ್ಮಸ್ ತಾನೇ, ಇವರೂ ಗೋದಲಿ ಇಡುವರು ಎಂದುಕೊಂಡು ಹೇಮಾಕ್ಷಿ ಒಂದು ಡಬ್ಬಿಯನ್ನು ಮೇಲೆ ಕೊಟ್ಟು ಬಂದಳು. ಮಾರನೇ ದಿನ ಲೋರ್ನಕ್ಕ ಖಾಲಿ ಡಬ್ಬಿಯನ್ನು ಫಳಫಳ ತೊಳೆದು ತಂದಳು. ಜೊತೆಗೊಂದು ಲೋಟ. ಲೋಟದಲ್ಲಿ ಹಸಿರು ರಸ. ನೇಜಿಯನ್ನು ಬುಡದವರೆಗೆ ಕತ್ತರಿಸಿ, ಮಿಕ್ಸಿಗೆ ಹಾಕಿ, ಸೋಸಿ, ಗಂಡ ಹೆಂಡತಿ ಆರೋಗ್ಯಕ್ಕೆ ಒಳ್ಳೆಯದೆಂದು ಕುಡಿದಿದ್ದರು. ಹೇಮಾಕ್ಷಿಗೂ ಒಂದು ಪಾಲು ಉಳಿಸಿದ್ದರು!

"ಅಯ್ಯೋ ದೇವರೇ! ಬಾಲಯೇಸುವಿನ ಹಾಸಿಗೆಯನ್ನು ಕುಡಿದು ಬಿಟ್ರು!" ಎಂದಳು ಹೇಮಾಕ್ಷಿ.

ಜಯ ತನ್ನ ಗಲ್ಫ್ ಇಂಗ್ಲಿಷಿನಲ್ಲಿ ವಿಷಯ ಬಿಡಿಸಿ ಹೇಳಿದ. ಲೋರ್ನಕ್ಕ ಕಣ್ಣರಳಿಸಿ ಕೇಳಿ, ಒಂದು ಗಳಿಗೆ ಬಾಯಿಗೆ ಕೈ ಅಡ್ಡ ಹಿಡಿದು, ಆಮೇಲೆ ಮೆಟ್ಟಿಲಿನ ಮೇಲೆ ಕೂತು ನಕ್ಕಳು. ಹೇಮಾಕ್ಷಿ ನಗಲಿಲ್ಲ. ಪರ ಊರಿನಲ್ಲಿ ಇಷ್ಟು ದೊಡ್ಡ ತಪ್ಪು ಮಾಡಿ ಈ ಹೆಂಗಸಿಗೆ ನಗು ಹೇಗೆ ಬರುತ್ತದೆ ಎಂಬುದೇ ಅವಳಿಗೆ ಅರ್ಥವಾಗಲಿಲ್ಲ. ಹೋಗುವಾಗ ಲೋರ್ನಕ್ಕ, ಕ್ರಿಸ್ಮಸ್ಸಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಓಣಿಯವರೆಲ್ಲ ಮೇಲೆ ಬರಬೇಕು, ಕೇಕು ಮಾಡುತ್ತೇನೆ ಎಂದು ಕರೆದು ಹೋದಳು.

ಇಪ್ಪತ್ತನಾಲ್ಕರ ಬೆಳಿಗ್ಗೆ ಹೇಮಾಕ್ಷಿ ಹಠ ಬಿಡದೆ ಇನ್ನೊಂದು ಡಬ್ಬಿ ನೇಜಿ ಹಿಡಿದು ಮೇಲೆ ಹತ್ತಿದಳು. ಬಾಗಿಲು ತೆರೆದಿತ್ತು, ಬಚ್ಚಲಿನಲ್ಲಿ ನೀರಿನ ಸದ್ದು. ಡಬ್ಬಿಯನ್ನು ಮೇಜಿನ ಮೇಲಿಡಲು ಹೋದವಳು ಹಾಗೇ ನಿಂತುಬಿಟ್ಟಳು.

ಮೇಜಿಗೆ ಬಿಳಿ ಬಟ್ಟೆ ಹಾಸಿತ್ತು. ಅದರ ಮೇಲೆ ಸಾಲಾಗಿ ಚೌಕಟ್ಟು ಹಾಕಿದ ಒಂಬತ್ತು ಫೋಟೊ. ಒಬ್ಬ ಗಂಡಸು, ಅವನ ಹೆಂಡತಿ. ಲೋರ್ನಕ್ಕನ ಮೂಗನ್ನೇ ಹೊತ್ತ ಒಬ್ಬ ಹೆಂಗಸು, ಅವಳ ಗಂಡ. ಐದು ಮಕ್ಕಳು, ಅದರಲ್ಲಿ ಒಬ್ಬಳಿಗೆ ಮುಂದಿನ ಎರಡು ಹಲ್ಲಿಲ್ಲ, ಇನ್ನೊಂದು ತೊಟ್ಟಿಲ ಕೂಸು. ಒಂಬತ್ತಕ್ಕೂ ಹೊಸ ಸೇವಂತಿಗೆ ಮಾಲೆ. ಮುಂದೆ ಒಂದು ದೀಪ ಉರಿಯುತ್ತಿತ್ತು.

ಹೇಮಾಕ್ಷಿ ಡಬ್ಬಿಯನ್ನು ಎದೆಗವಚಿಕೊಂಡು ಸದ್ದಿಲ್ಲದೆ ಕೆಳಗಿಳಿದು ಬಂದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಳು.

"ಒಂಬತ್ತು ಜನವಾ? ಒಟ್ಟಿಗೇ?" ಜಯ ನಂಬದೆ ಕೇಳಿದ.

"ತೊಟ್ಟಿಲ ಮಗುವೂ ಉಂಟು ಮಾರಾಯ್ರೆ. ಅದಕ್ಕೂ ಮಾಲೆ ಹಾಕಿದ್ದಾರೆ."

ಅರ್ಧ ಗಂಟೆಯೊಳಗೆ ಪಕ್ಕದ ಮನೆಯ ಖೈರುನ್ನಿಸಾ ಹೊಲಿಗೆ ಮಿಷನ್ ಬಿಟ್ಟು ಓಡಿ ಬಂದಳು, ಇಸಿದೋರರನ್ನೂ ಕರೆಸಿದ್ದಾಯಿತು. ಇಸಿದೋರರು ಟೋಪಿ ತೆಗೆದು, "ದೆವಾ! ಭೂಕಂಪ ಇರ್ಬೇಕು. ಆ ದೇಶದಲ್ಲಿ ಅದು ಜಾಸ್ತಿ" ಎಂದರು.

"ಅದಕ್ಕೇ ಈ ವಯಸ್ಸಿನಲ್ಲಿ ಮಿಷನ್ ಅಂತ ಹೊರಟು ಬಂದದ್ದು. ಅಲ್ಲಿ ಯಾರು ಉಂಟು ಅಂತ ಇರ್ಬೇಕು ಪಾಪ?" ಎಂದಳು ಖೈರುನ್ನಿಸಾ.

"ಬೆಳಿಗ್ಗೆ ಐದೂವರೆಗೆ ಮೇಲೆ ಮಾತಾಡುವುದು ಕೇಳ್ತದೆ, ನಗುವುದೂ ಕೇಳ್ತದೆ," ಎಂದ ಜಯ. "ಅದು ಯಾರ ಹತ್ತಿರ?"

ಹೇಮಾಕ್ಷಿ ಸಣ್ಣ ದನಿಯಲ್ಲಿ, "ಫೋಟೊದ ಹತ್ತಿರ" ಎಂದಳು. ನಾಲ್ವರ ಕಣ್ಣಲ್ಲೂ ನೀರು ಬಂತು. ನೇಜಿಯ ರಸ ಕುಡಿದು ನಕ್ಕ ನಗುವಿನ ಅರ್ಥ ಈಗ ಹೇಮಾಕ್ಷಿಗೆ ಆಯಿತು. ಅಷ್ಟನ್ನು ಕಳೆದುಕೊಂಡವರಿಗೆ ಒಂದು ಡಬ್ಬಿ ನೇಜಿ ಯಾವ ಲೆಕ್ಕ ಎಂದು ಅವಳಿಗೆ ಅನಿಸಿತು. ಇಂಥವಳ ಜೊತೆ ತಾನೂ ನಗಲಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ನೇರವಾಗಿ ಕೇಳಬಹುದಿತ್ತು. ಆದರೆ ಇಂಥದ್ದನ್ನು ಕೇಳುವುದು ಹೇಗೆ? ನಾಲ್ವರೂ ಸೇರಿ ತಮ್ಮಷ್ಟಕ್ಕೇ ತೀರ್ಮಾನಿಸಿದರು. ಇಸಿದೋರರು ಗೋದಲಿಯ ಮಿಣಿಮಿಣಿ ದೀಪದ ಸರದಿಂದ ಬರುವ ಹಾಡನ್ನು ಬಂದ್ ಮಾಡಿಸಿದರು. ಕ್ರಿಸ್ಮಸ್ಸಿಗೆಂದು ಕರಿದು ತುಂಬಿಟ್ಟ ಕುಸ್ವಾರ್ ತಿಂಡಿಯ ತಟ್ಟೆ ಈ ಸಲ ಮೇಲೆ ಹೋಗುವುದು ಬೇಡವೆಂದಾಯಿತು. ಖೈರುನ್ನಿಸಾ ಬಿರಿಯಾನಿಯ ಯೋಚನೆ ಬಿಟ್ಟಳು. ದುಃಖದ ಮನೆಗೆ ಕೊಂಡೊಯ್ಯುವ ಹಾಗೆ ಹೇಮಾಕ್ಷಿ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ ಮಾಡುವುದೆಂದಾಯಿತು.

ಕ್ರಿಸ್ಮಸ್ಸಿನ ದಿನ ಹನ್ನೊಂದಕ್ಕೆ ನಾಲ್ವರೂ ಸಾಲಾಗಿ ಮೆಟ್ಟಿಲು ಹತ್ತಿದರು. ಹೇಮಾಕ್ಷಿ ಮಾಸಲು ಬಿಳಿ ಸೀರೆ ಉಟ್ಟಿದ್ದಳು. ಇಸಿದೋರರು ಶವಸಂಸ್ಕಾರಕ್ಕೆಂದೇ ಇಟ್ಟ ಕಪ್ಪು ಕೋಟು ಹಾಕಿದ್ದರು. ಬಾಗಿಲು ತೆರೆದ ಲೋರ್ನಕ್ಕ ಕೆಂಪು ಅಂಗಿ ತೊಟ್ಟಿದ್ದಳು, ತಲೆಯ ಮೇಲೆ ಬಣ್ಣದ ಕಾಗದದ ಕಿರೀಟ. ಗ್ರೇಮ್ ತಲೆಯಲ್ಲೂ ಒಂದು. ಹಬ್ಬದ ದಿನ ಹೀಗೆ ಕಿರೀಟ ಹಾಕುವುದು ನಮ್ಮಲ್ಲಿಯ ಪದ್ಧತಿ ಎಂದು ಗ್ರೇಮ್ ಬಂದವರ ತಲೆಗೂ ಒಂದೊಂದು ಇಟ್ಟರು. ದುಃಖಿತರ ಮನಸ್ಸು ನೋಯಿಸಬಾರದೆಂದು ಯಾರೂ ತೆಗೆಯಲಿಲ್ಲ. ಹಸಿರು ಕಿರೀಟದ ಇಸಿದೋರರು ಮಾಲೆ ಹಾಕಿದ ಫೋಟೊಗಳ ಮುಂದೆ ನಿಂತು, ಕಣ್ಣು ಮುಚ್ಚಿ, ಕೊಂಕಣಿಯಲ್ಲಿ ದೀರ್ಘವಾಗಿ ಪ್ರಾರ್ಥಿಸಿದರು. ಗಂಡ ಹೆಂಡತಿ ಇಬ್ಬರೂ ತಲೆಬಾಗಿ ನಿಂತರು.

ಆಮೇಲೆ ಗಂಜಿ ಬಡಿಸಿದ್ದಾಯಿತು. ಗ್ರೇಮ್ ಮೊದಲು ಕೊಂಚ ಅಚ್ಚರಿಪಟ್ಟು, ಮಂಗಳೂರಿನ ಕ್ರಿಸ್ಮಸ್ ಊಟ ಇದೇ ಇರಬೇಕು ಎಂದುಕೊಂಡವರಂತೆ ಚಮಚದಲ್ಲಿ ತಿಂದು, ಎರಡನೇ ಸಲ ಹಾಕಿಸಿಕೊಂಡರು. "ದುಃಖದಲ್ಲಿ ಹಸಿವು ಜಾಸ್ತಿ," ಎಂದು ಖೈರುನ್ನಿಸಾ ಪಿಸುಗುಟ್ಟಿದಳು. ಹೇಮಾಕ್ಷಿ ಲೋರ್ನಕ್ಕನ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು. ಅಷ್ಟೇ ಸಾಕಾಯಿತು, ಲೋರ್ನಕ್ಕ ಅತ್ತುಬಿಟ್ಟಳು. ಹೇಮಾಕ್ಷಿಯೂ ಅತ್ತಳು. "ಅಳಿ ಅಕ್ಕ, ಅಳಿ. ಒಳಗೆ ಇಟ್ಕೊಳ್ಬಾರ್ದು" ಎಂದು ಬೆನ್ನು ಸವರಿದಳು.

ಆಗ ಮೇಜಿನ ಮೇಲಿದ್ದ ಫೋನು ರಿಂಗಾಯಿತು. ಗ್ರೇಮ್ ಅದನ್ನು ಎತ್ತಿ ಫೋಟೊಗಳಿಗೆ ಒರಗಿಸಿ ನಿಲ್ಲಿಸಿದರು. ಪರದೆಯ ಮೇಲೆ ಮುಂದಿನ ಎರಡು ಹಲ್ಲಿಲ್ಲದ ಹುಡುಗಿಯೊಬ್ಬಳು ಕಾಣಿಸಿಕೊಂಡು, "ಮೆರ್ರಿ ಕ್ರಿಸ್ಮಸ್, ನಾನಾ!" ಎಂದು ಅಜ್ಜಿಯನ್ನು ಕೂಗಿದಳು.

ಖೈರುನ್ನಿಸಾಳ ಕೈಯಿಂದ ಷರಬತ್ತಿನ ಲೋಟ ಜಾರಿತು. ಇಸಿದೋರರು ಶಿಲುಬೆಯ ಗುರುತು ಹಾಕಿಕೊಂಡರು. ಹುಡುಗಿಯ ಹಿಂದಿನಿಂದ ಲೋರ್ನಕ್ಕನ ಮೂಗಿನ ಹೆಂಗಸು ಬಂದಳು, ಅವಳ ಕಂಕುಳಲ್ಲಿ ತೊಟ್ಟಿಲ ಕೂಸು. ಒಬ್ಬೊಬ್ಬರಾಗಿ ಒಂಬತ್ತೂ ಜನ ನುಗ್ಗಿ ಬಂದು ಕೈಬೀಸಿದರು. ಅಲ್ಲಿ ಬೇಸಗೆಯ ಸಂಜೆ, ಎಲ್ಲರೂ ತೋಟದಲ್ಲಿ ಕೂತು ಊಟಕ್ಕೆ ಅಣಿಯಾಗುತ್ತಿದ್ದರು.

"ಇವಳು... ಇವಳು ಇದ್ದಾಳಲ್ಲ!" ಹೇಮಾಕ್ಷಿ ಎದ್ದು ನಿಂತು ಒಮ್ಮೆ ಪರದೆಯನ್ನು, ಒಮ್ಮೆ ಫೋಟೊವನ್ನು ತೋರಿಸಿದಳು. "ಮತ್ತೆ ಮಾಲೆ ಎಂತಕ್ಕೆ ಹಾಕಿದ್ದು?"

ಹೇಳುವ ಕೆಲಸ ಇಸಿದೋರರ ಪಾಲಿಗೆ ಬಂತು. ಅವರು ಕಾಗದದ ಕಿರೀಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಮೆಲ್ಲನೆ ಹೇಳಿದರು: ನಮ್ಮಲ್ಲಿ ಮನೆಯಲ್ಲಿ ಫೋಟೊಗೆ ಮಾಲೆ ಹಾಕಿ ದೀಪ ಹಚ್ಚುವುದು ತೀರಿಕೊಂಡವರಿಗೆ ಮಾತ್ರ, ಮೇಡಂ.

ಲೋರ್ನಕ್ಕ ಬಿಳಿ ಸೀರೆಯನ್ನು ನೋಡಿದಳು, ಕಪ್ಪು ಕೋಟನ್ನು ನೋಡಿದಳು, ಗಂಜಿಯ ಪಾತ್ರೆಯನ್ನು ನೋಡಿದಳು. ಅವಳ ಮುಖದ ಕೆಂಪು ಇಳಿದು ಬೆಳ್ಳಗಾಯಿತು. ಹೇಮಾಕ್ಷಿ ಕಣ್ಣು ಕೆಳಗೆ ಹಾಕಿದಳು. ಆ ಮುಖ ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಬಹರೈನಿನ ಒಂದು ಕನ್ನಡಿಯಲ್ಲಿ ಅವಳು ಅದನ್ನೇ ನೋಡಿದ್ದಳು. ಇನ್ನು ಈಕೆ ಗಂಟುಮೂಟೆ ಕಟ್ಟುತ್ತಾಳೆ, ವಾರದೊಳಗೆ ಮನೆ ಖಾಲಿಯಾಗುತ್ತದೆ ಎಂದುಕೊಂಡಳು.

"ಗ್ರೇಮ್," ಎಂದಳು ಲೋರ್ನಕ್ಕ, "ನಾನು ಎಲ್ಲರನ್ನೂ ಕೊಂದುಬಿಟ್ಟಿದ್ದೇನೆ."

ಹೇಳಿದವಳೇ ನಗತೊಡಗಿದಳು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ ಹಿಡಿದುಕೊಂಡಳು, ಕೊನೆಗೆ ಕುರ್ಚಿಯಿಂದ ಜಾರಿ ನೆಲದಲ್ಲೇ ಕೂತಳು. ಗ್ರೇಮ್ ಎರಡು ಬಟ್ಟಲು ಗಂಜಿ ತಿಂದದ್ದನ್ನು ನೆನೆದು ಕಣ್ಣೊರೆಸಿಕೊಂಡು ನಕ್ಕರು. ಪರದೆಯಲ್ಲಿದ್ದವರಿಗೆ ವಿಷಯ ತಿಳಿದದ್ದೇ ತಡ, ಹಲ್ಲಿಲ್ಲದ ಹುಡುಗಿ ತನ್ನ ಮಾಲೆ ಯಾವುದು ತೋರಿಸು ಎಂದು ಹಠ ಹಿಡಿದು, ನೋಡಿ, ನಾಲಿಗೆ ಚಾಚಿ ಹುಲ್ಲಿನ ಮೇಲೆ ಸತ್ತವಳಂತೆ ಬಿದ್ದಳು. "ಅಯ್ಯಯ್ಯೋ, ಬೇಡ ಮಗಾ, ಏಳು!" ಎಂದು ಹೇಮಾಕ್ಷಿ ಫೋನಿಗೆ ಗದರಿದಳು. ಗದರಿದ್ದು ತುಳುವಿನಲ್ಲಿ. ಹುಡುಗಿ ಎದ್ದಳು. ಆಗ ನಾಲ್ವರಿಗೂ ತಡೆಯಲಾಗಲಿಲ್ಲ. ಓಣಿಯ ತುದಿಗೆ ಕೇಳುವಷ್ಟು ನಕ್ಕರು. ಖೈರುನ್ನಿಸಾ ಮನೆಗೆ ಓಡಿ ಅಕ್ಕಿ ನೆನೆಹಾಕಿದಳು, ಇಸಿದೋರರು ಕುಸ್ವಾರ್ ತರಲು ಹೋದರು, ಜಯ ಗಂಜಿಯ ಪಾತ್ರೆ ಹೊತ್ತು ಕೆಳಗಿಳಿದ, ಗ್ರೇಮ್ ಫೋನು ಎತ್ತಿಕೊಂಡು ಒಳಕೋಣೆಗೆ ಹೋದರು.

ಉಳಿದ ಇಬ್ಬರು ಹೆಂಗಸರು ಮಾಲೆ ತೆಗೆಯತೊಡಗಿದರು. ತೊಟ್ಟಿಲ ಕೂಸಿನದ್ದನ್ನು ಹೇಮಾಕ್ಷಿಯೇ ಮೊದಲು ತೆಗೆದಳು, ದೃಷ್ಟಿ ತೆಗೆದಂತೆ ಫೋಟೊಗೆ ಮೂರು ಸುತ್ತು ಕೈ ನಿವಾಳಿಸಿದಳು. ಲೋರ್ನಕ್ಕನ ಕಣ್ಣು ಇನ್ನೂ ಒದ್ದೆಯಿತ್ತು. ನಿಧಾನವಾದ ಇಂಗ್ಲಿಷಿನಲ್ಲಿ, ನಡುನಡುವೆ ಕೈಯಲ್ಲಿ ತೋರಿಸುತ್ತಾ ಅವಳು ಹೇಳಿದಳು: ಮದುವೆಯಾಗಿ ನಲವತ್ತಾರು ವರ್ಷದಲ್ಲಿ ಮಕ್ಕಳಿಲ್ಲದ ಕ್ರಿಸ್ಮಸ್ ಇದೇ ಮೊದಲು. ಮೇಜು ಖಾಲಿ ಕಾಣಬಾರದೆಂದು ಫೋಟೊ ಇಟ್ಟೆ. ನಿನ್ನ ಹಾಲಿನಲ್ಲಿ ನೋಡಿದ್ದೆನಲ್ಲ, ಮನೆಯವರನ್ನು ಪ್ರೀತಿಸುವ ರೀತಿ ಇದೇ ಎಂದುಕೊಂಡೆ. ಬಂದ ಮೂರನೇ ದಿನವೇ ನಾನು ವಾಪಸು ಹೋಗಲು ಚೀಲ ಕಟ್ಟಿದ್ದೆ, ಗೊತ್ತಾ? ಗ್ರೇಮ್ ಹೇಳಿದರು, ದಿನಕ್ಕೊಂದು ಬಟ್ಟೆ ಹೊರಗೆ ತೆಗೆದಿಡು, ಚೀಲ ಖಾಲಿಯಾಗುವವರೆಗೆ ಮಾತ್ರ ನೋಡೋಣ ಎಂದು. ನಿನ್ನೆ ಖಾಲಿಯಾಯಿತು. ಈ ಕೆಂಪು ಅಂಗಿ ಕೊನೆಯದು.

ಹೇಮಾಕ್ಷಿ ಕೈಯಲ್ಲಿದ್ದ ಮಾಲೆಯನ್ನು ಮಡಚುತ್ತಾ ಕೇಳಿದಳು: "ಶೇಮ್? ನಾಚಿಕೆ ಇಲ್ಲ?"

ಇದೆ, ತುಂಬ ಇದೆ ಎಂದಳು ಲೋರ್ನಕ್ಕ. ಆದರೆ ಇಲ್ಲಿ ಇನ್ನೂ ಹದಿನಾರೂವರೆ ತಿಂಗಳು ಇರಬೇಕು. ಪ್ರತಿಯೊಂದಕ್ಕೂ ನಾಚುತ್ತಾ ಕೂತರೆ ಬೇರೆ ಕೆಲಸಕ್ಕೆ ಹೊತ್ತೆಲ್ಲಿ?

ಹೇಮಾಕ್ಷಿ ಮಾಲೆಯನ್ನು ಮೇಜಿನ ಮೇಲಿಟ್ಟಳು. ಆಮೇಲೆ ಬಚ್ಚಲಿಗೆ ಹೋಗಿ ಖಾಲಿ ಬಕೆಟ್ ಹಿಡಿದು ಬಂದಳು. "ಬಹರೈನ್," ಎಂದಳು. "ಮೀ. ಲಾಂಗ್ ಬ್ಯಾಕ್. ದೀಪಾವಳಿ." ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹಬ್ಬದ ಮುಂಚೆ ಮನೆ ತೊಳೆಯುವವಳಂತೆ ಬಕೆಟ್ಟನ್ನು ನೆಲಕ್ಕೆ ಬೋರಲು ಹಾಕಿ ತೋರಿಸಿದಳು. ಒಂದು ಬಕೆಟ್, ಎರಡು ಬಕೆಟ್, ಹತ್ತು ಬಕೆಟ್. ಊರಿನಲ್ಲಿ ನೀರು ಎರೆದರೆ ತಾನಾಗಿ ಅಂಗಳಕ್ಕೆ ಹೋಗುತ್ತದೆ. ಅಲ್ಲಿ ಐದನೇ ಮಾಳಿಗೆ, ಹಾಲಿನಲ್ಲಿ ನೀರು ಹೋಗುವ ತೂತೇ ಇರಲಿಲ್ಲ. ನೀರು ಬಾಗಿಲಡಿಯಿಂದ ನುಸುಳಿ, ಹೊರಗಿನ ಕಾರಿಡಾರಿನಲ್ಲಿ ಹರಿದು, ನೇರ ಲಿಫ್ಟಿನ ಗುಂಡಿಗೆ. ಹೇಮಾಕ್ಷಿ ಬಾಯಿಯಲ್ಲಿ "ಠುಸ್" ಎಂದು ಸದ್ದು ಮಾಡಿ ಎರಡು ಬೆರಳು ತೋರಿಸಿದಳು. ಎರಡು ದಿನ ಲಿಫ್ಟ್ ಬಂದ್. ಇಡೀ ಕಟ್ಟಡದವರು ಬಾಗಿಲಿಗೆ ಬಂದು ಕೂಗಾಡಿದ್ದರು. ಎಂಟನೇ ಮಾಳಿಗೆಯ ಒಬ್ಬಳು, ಯಾವ ಕಾಡಿನಿಂದ ತಂದಿರಿ ಇವಳನ್ನು ಎಂದು ಜಯನ ಎದುರಿಗೇ ಕೇಳಿದ್ದಳು. ಹತ್ತೊಂಬತ್ತು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಅದು.

ಲೋರ್ನಕ್ಕ ತುಟಿ ಕಚ್ಚಿ ಹಿಡಿದುಕೊಂಡಿದ್ದಳು. "ಹತ್ತು ಬಕೆಟ್?" ಎಂದು ಕೇಳಿದಳು.

"ಟೆನ್," ಎಂದಳು ಹೇಮಾಕ್ಷಿ. ಒಂದು ಕ್ಷಣ ಬಿಟ್ಟು, "ಟ್ವೆಲ್ವ್" ಎಂದು ತಿದ್ದಿದಳು.

ಮೊದಲು ನಕ್ಕದ್ದು ಲೋರ್ನಕ್ಕ ಅಲ್ಲ, ಬಾಗಿಲಲ್ಲಿ ನಿಂತಿದ್ದ ಜಯ. ಅವನು ಯಾವಾಗ ವಾಪಸು ಬಂದನೋ. ಮೆಟ್ಟಿಲ ಕಟಾಂಜನ ಹಿಡಿದು, ಉಸಿರು ಸಿಗದೆ, ಕಣ್ಣಲ್ಲಿ ನೀರು ಸುರಿಸುತ್ತಾ ನಗುತ್ತಿದ್ದ. "ಆ ಎಂಟನೇ ಮಾಳಿಗೆಯವಳು... ಎರಡು ದಿನ... ಮೆಟ್ಟಿಲು ಹತ್ತಿ ಹತ್ತಿ ನಾಲ್ಕು ಕೆಜಿ ಇಳಿದಳು ಮಾರಾಯ್ತಿ! ಆಮೇಲೆ ನನಗೆ ಥ್ಯಾಂಕ್ಸ್ ಹೇಳಿದ್ಲು!"

"ನೀವು ಇದನ್ನು ನನಗೆ ಹೇಳ್ಲೇ ಇಲ್ಲ!" ಹೇಮಾಕ್ಷಿ ಬಕೆಟ್ ಎತ್ತಿ ಹಿಡಿದಳು.

"ನೀನು ಅಷ್ಟು ಅತ್ತಿದ್ದಿ. ನಿನ್ನ ಎದುರು ಹೇಗೆ ನಗುವುದು?" ಎಂದ ಜಯ. "ಹತ್ತೊಂಬತ್ತು ವರ್ಷ ಒಬ್ಬನೇ ನಕ್ಕಿದ್ದೇನೆ."

ಹೇಮಾಕ್ಷಿ ಬಕೆಟ್ ಕೆಳಗಿಟ್ಟು ಗಂಡನನ್ನು ನೋಡಿದಳು. ಇಷ್ಟು ವರ್ಷ ತನ್ನ ಮಾನ ಕಾಯುತ್ತಾ ನಗು ನುಂಗಿಕೊಂಡವನ ಮೇಲೆ ಅವಳಿಗೆ ಅಪಾರ ಪ್ರೀತಿ ಬಂತು, ಜೊತೆಗೆ ಸಿಟ್ಟೂ ಬಂತು, ಎರಡೂ ಸೇರಿ ಅವಳೂ ನಕ್ಕಳು. ನಕ್ಕ ಮೇಲೆ ಮೈ ಹಗುರವಾಯಿತು.

ಕೆಳಗೆ ಬಂದು ಅವಳು ಬಿಳಿ ಸೀರೆ ಬದಲಿಸಿ ಹಸಿರು ಸೀರೆ ಉಟ್ಟಳು. ಖೈರುನ್ನಿಸಾಳ ಬಿರಿಯಾನಿಯ ಪರಿಮಳ ಓಣಿಗೆ ಬರತೊಡಗಿತ್ತು. ಇಸಿದೋರರ ಗೋದಲಿ ಮತ್ತೆ ಹಾಡುತ್ತಿತ್ತು, ನಿನ್ನೆಯಿಂದ ಅಡುಗೆಮನೆಯಲ್ಲೇ ಉಳಿದಿದ್ದ ನೇಜಿಯ ಡಬ್ಬಿಯನ್ನು ಜಯ ಮೇಲ್ಮಹಡಿಗೆ ಕೊಂಡೊಯ್ದಿದ್ದ. ಈ ಸಲ ಕುಡಿಯಬಾರದು ಎಂದು ಹೇಳಿಯೇ ಕೊಟ್ಟಿದ್ದ. ಹೇಮಾಕ್ಷಿ ಅತ್ತೆಯ ಫೋಟೊದ ಕೆಳಗಿನ ಕುರ್ಚಿಯಲ್ಲಿ ಕೂತು ಮಸ್ಕತ್ತಿಗೆ ಫೋನು ಹಚ್ಚಿದಳು.

"ಎಂತಮ್ಮ, ಇಷ್ಟು ಹೊತ್ತಿಗೆ?" ಅಕ್ಷಿತಾಳ ದನಿಯಲ್ಲಿ ಗಾಬರಿಯಿತ್ತು. "ಮೊಣಕಾಲು ಹೇಗುಂಟು?"

"ಮೊಣಕಾಲಿಗೆ ಎಂತದೂ ಆಗ್ಲಿಲ್ಲ. ಆ ಬಾಣಂತನದ ಹೆಂಗಸಿಗೆ ಬೇಡ ಅಂತ ಹೇಳು. ವೀಸಾದ ಕೆಲಸ ಸುರು ಮಾಡು, ನಾನೇ ಬರ್ತೇನೆ."

ಆ ಕಡೆಯಿಂದ ಅಕ್ಷಿತಾ ಮೂಗು ಏರಿಸುವ ಸದ್ದು ಕೇಳಿಸಿತು.

"ಅಳ್ಬೇಡ, ಈಗ ಅಳ್ಬಾರ್ದು ನೀನು. ಕೇಳು, ಒಂದು ಸಂಗತಿ ಮೊದಲೇ ನೋಡಿ ಹೇಳು," ಎಂದಳು ಹೇಮಾಕ್ಷಿ. "ನಿನ್ನ ಫ್ಲಾಟಿನ ಹಾಲಿನಲ್ಲಿ ನೀರು ಹೋಗುವ ತೂತು ಎಲ್ಲಿ ಉಂಟು?"

"ತೂತಾ? ಅದು ಎಂತಕ್ಕಮ್ಮ?"

"ಬಂದು ಹೇಳ್ತೇನೆ," ಎಂದಳು ಹೇಮಾಕ್ಷಿ. "ನಗ್ಲಿಕ್ಕೆ ಉಂಟು."